ಕರೆಂಟ್ ದರ ಆರಿಸಿಕೊಳ್ಳಬಹುದೇ?

ಪ್ರಶ್ನೆ: ಬ್ರಿಟನ್ನಿನಲ್ಲಿರುವ ನಮ್ಮ ಅಳಿಯ, ಕರೆಂಟಿನ ನಿಗದಿತ ದರದ ಒಪ್ಪಂದ ಮುಗಿದಿದ್ದರಿಂದ ಬೇರೆ ಕಂಪನಿ ಹುಡುಕುತ್ತಿದ್ದಾರೆ. ನಮಗೂ ಅಂಥ ಆಯ್ಕೆ ಉಂಟೇ?
– ಓದುಗರು, ಮಹಾಗಾಂವ

ಉತ್ತರ: ಇಲ್ಲ. ಅಲ್ಲಿ ಹಲವು ಕಂಪನಿಗಳು ಪೈಪೋಟಿಯಿಂದ ದರ ಮುಂದಿಡುತ್ತವೆ. ನಿಮ್ಮೂರಿನ ಮನೆಗಳಿಗೆ ಕರೆಂಟ್ ಕೊಡುವುದು ಜೆಸ್ಕಾಂ ಒಂದೇ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹಾಗೆಂದು ಬಿಲ್ಲು ನಿಮ್ಮ ಕೈಮೀರಿದ್ದೇನಲ್ಲ.

ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆಯಾದ ಗೃಹಜ್ಯೋತಿಯ ಲೆಕ್ಕ ನೋಡಿ. ಸಾಮಾನ್ಯವಾಗಿ 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದರೆ ಬರುವುದೇ ನಿಮ್ಮ ಉಚಿತ ಮಿತಿ. ಸರಾಸರಿ 90 ಯೂನಿಟ್ ಇದ್ದರೆ 99 ಉಚಿತ. 120 ಉರಿಸಿದರೆ ಹೆಚ್ಚಿನ 21ಕ್ಕೆ ಮಾತ್ರ ಹಣ. ಆದರೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಕೂಲರ್ ಹಗಲಿರುಳು ಓಡುತ್ತದೆ. ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿಕೊಳ್ಳಿ.

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿ. ನಿಗದಿತ ಶುಲ್ಕ ಬೀಳುವುದು ಆ ಲೋಡಿನ ಕಿಲೋವ್ಯಾಟ್ ಲೆಕ್ಕದಲ್ಲಿ. ಸ್ವಂತ ಮಾಳಿಗೆ ಇದ್ದರೆ, 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್‌ಗೆ 78,000 ರೂಪಾಯಿ ಸಹಾಯಧನವಿದೆ. ಪ್ರತಿ ತಿಂಗಳೂ 200 ಯೂನಿಟ್ ದಾಟುವ ಮನೆಗೆ ಅದನ್ನು ಯೋಚಿಸುವುದು ಒಳ್ಳೆಯದು. ಕಡಿಮೆ ಉರಿಸುವವರಿಗೆ ಗೃಹಜ್ಯೋತಿಯೇ ಸಾಕು.