ದತ್ತಾಂಶ ಮರಳಿತು, ವ್ಯವಸ್ಥೆ ಮರಳಲಿಲ್ಲ!

ಆಸ್ಪತ್ರೆಯೊಂದರ ಸರ್ವರ್ ರಾತ್ರೋರಾತ್ರಿ ಕೆಟ್ಟುನಿಂತಿತೆಂದು ಊಹಿಸಿಕೊಳ್ಳಿ. ಹಿಂದಿನ ದಿನದ ಬ್ಯಾಕಪ್ ಭದ್ರವಾಗಿದೆ. ಅದನ್ನು ಹೊಸ ಯಂತ್ರಕ್ಕೆ ತುಂಬಿಸಿದ್ದೂ ಆಯಿತು. ರೋಗಿಗಳ ದಾಖಲೆಗಳೆಲ್ಲ ಅಲ್ಲಿವೆ. ಆದರೂ ಬೆಳಿಗ್ಗೆ ನೋಂದಣಿ ಕೌಂಟರಿನ ಗಣಕಯಂತ್ರದಲ್ಲಿ ಒಂದು ದಾಖಲೆಯೂ ತೆರೆದುಕೊಳ್ಳುವುದಿಲ್ಲ. ತಪ್ಪಿದ್ದೆಲ್ಲಿ?

ಬ್ಯಾಕಪ್ ಎಂದರೆ ಸಮಸ್ತದ ಪ್ರತಿ ಎಂಬ ನಂಬಿಕೆಯೇ ಈ ತೊಡಕಿನ ಮೂಲ. ಜನಪ್ರಿಯ ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ನೋಡೋಣ. ಇದರ ‘ಪಿಜಿ-ಡಂಪ್’ ಎಂಬ ಸಾಧನವು ಒಂದು ಡೇಟಾಬೇಸಿನ ಕೋಷ್ಟಕಗಳನ್ನೂ ಅವುಗಳಲ್ಲಿನ ಮಾಹಿತಿಯನ್ನೂ ನಕಲಿಸುತ್ತದೆ. ಸರ್ವರಿನ ಸಂರಚನಾ ಕಡತಗಳನ್ನು ಮಾತ್ರ ಮುಟ್ಟುವುದಿಲ್ಲ. ಬಳಕೆದಾರರ ಹೆಸರು, ಗುಪ್ತಪದಗಳೂ ಅದರಲ್ಲಿ ಸೇರುವುದಿಲ್ಲ. ಏಕೆಂದರೆ ಅವು ಒಂದು ಡೇಟಾಬೇಸಿಗೆ ಸೇರಿದವಲ್ಲ, ಇಡೀ ಸರ್ವರಿಗೆ ಸೇರಿದವು.

ಪರಿಣಾಮ ಸಣ್ಣದಲ್ಲ. ಹೊಸದಾಗಿ ಸ್ಥಾಪಿತವಾದ ಸರ್ವರ್ ತನ್ನ ಯಂತ್ರದಿಂದ ಬಂದ ಸಂಪರ್ಕವನ್ನಷ್ಟೇ ಸ್ವೀಕರಿಸುತ್ತದೆ; ಕೌಂಟರಿನಿಂದ ಬಂದ ಕರೆಗೆ ಓಗೊಡದು. ಏಕಕಾಲದ ಸಂಪರ್ಕಗಳ ಮಿತಿ ಸಾಮಾನ್ಯವಾಗಿ 100. ಹಂಚಿಕೆಯ ಸ್ಮೃತಿ 128 ಎಂಬಿ ಮಾತ್ರ. ಯಂತ್ರದಲ್ಲಿ 32 ಜಿಬಿ ಸ್ಮೃತಿಯಿದ್ದರೂ, ನಿರ್ವಾಹಕರು ವರ್ಷಗಟ್ಟಲೆ ತಿದ್ದಿ ತೀಡಿದ ಮೌಲ್ಯಗಳು ಕಳೆದುಹೋಗಿ ಕೆಲಸ ಕುಂಟತೊಡಗುತ್ತದೆ.

ಪರಿಹಾರ ಕಷ್ಟವಲ್ಲ. ‘ಪಿಜಿ-ಡಂಪ್-ಆಲ್’ ಸಾಧನವನ್ನು ‘ಗ್ಲೋಬಲ್ಸ್-ಓನ್ಲಿ’ ಆಯ್ಕೆಯೊಡನೆ ಬಳಸಿದರೆ ಬಳಕೆದಾರರ ವಿವರಗಳು ಪ್ರತ್ಯೇಕ ಕಡತವಾಗಿ ದೊರೆಯುತ್ತವೆ. ಗುಪ್ತಪದಗಳ ಸಂಕೇತರೂಪ ಅದರಲ್ಲಿರುವುದರಿಂದ ಆ ಕಡತವನ್ನು ಜೋಪಾನವಾಗಿಡಬೇಕು. ಸಂರಚನಾ ಕಡತಗಳನ್ನು ಬೇರೆಯಾಗಿ ನಕಲಿಸಬೇಕು. ಡೆಬಿಯನ್, ಉಬುಂಟುಗಳಲ್ಲಿ ಇವು ದತ್ತಾಂಶದ ಕೋಶದಲ್ಲಿರದೆ ‘ಇಟಿಸಿ’ ಕೋಶದಲ್ಲಿರುತ್ತವೆ. ಆದ್ದರಿಂದ ದತ್ತಾಂಶದ ಕೋಶವನ್ನು ಇಡಿಯಾಗಿ ನಕಲಿಸಿದರೂ ಇವು ಹೊರಗೇ ಉಳಿಯುತ್ತವೆ. ಇನ್ನೊಂದು ಸೂಕ್ಷ್ಮವುಂಟು. 2014ರ 9.4 ಆವೃತ್ತಿಯಲ್ಲಿ ಬಂದ ‘ಆಲ್ಟರ್ ಸಿಸ್ಟಂ’ ಆದೇಶದಿಂದ ಮಾಡಿದ ಬದಲಾವಣೆಗಳು ಬೇರೊಂದು ಕಡತಕ್ಕೆ, ಅದೂ ದತ್ತಾಂಶದ ಕೋಶಕ್ಕೇ ಸೇರುತ್ತವೆ. ಎರಡೂ ಕಡೆ ಹುಡುಕದೆ ಹೋದರೆ ನಕಲು ಅರೆಬರೆಯಾದೀತು.

ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ. ಬಿಡುವಿನ ದಿನವೊಂದರಲ್ಲಿ ಖಾಲಿ ಯಂತ್ರದ ಮೇಲೆ ಬ್ಯಾಕಪ್ಪನ್ನು ಮರುಸ್ಥಾಪಿಸಿ, ನಿತ್ಯದ ಬಳಕೆದಾರರೊಬ್ಬರಿಂದಲೇ ಒಂದು ದಾಖಲೆಯನ್ನು ತೆರೆಸಿ ನೋಡಿ. ಕೊರತೆ ಏನಿದ್ದರೂ ಅಂದೇ ತಿಳಿಯಲಿ. ರೋಗಿಗಳ ಸಾಲು ಬಾಗಿಲಲ್ಲಿ ನಿಂತಾಗ ಅಲ್ಲ.