ಹಿಮದ ಲೆಕ್ಕಕ್ಕೆ ಒಂದು ಹಲಗೆ, ಒಂದು ಅಳತೆಕೋಲು

1997ರ ಜನವರಿ 11-12. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮಾಂಟೇಗ್ ಎಂಬ ಪುಟ್ಟ ಊರಿನಲ್ಲಿ 24 ಗಂಟೆಯಲ್ಲಿ 77 ಇಂಚು ಹಿಮ ಬಿತ್ತೆಂದು ವರದಿ ಬಂತು. ಅಂದರೆ ಆಳೆತ್ತರಕ್ಕೂ ಮಿಗಿಲು. ಒಂಟಾರಿಯೊ ಸರೋವರದಿಂದ ತೇವ ಹೊತ್ತ ಗಾಳಿ ಟಗ್ ಹಿಲ್ ಪ್ರಸ್ಥಭೂಮಿಯನ್ನು ಏರುತ್ತಾ ಹಿಮ ಸುರಿಸುವ ಜಾಗ ಅದು. 1921ರಲ್ಲಿ ಕೊಲರಾಡೊದ ಸಿಲ್ವರ್ ಲೇಕ್‌ನಲ್ಲಿ ಬಿದ್ದಿದ್ದ 75.8 ಇಂಚಿನ ದಾಖಲೆ ಮುರಿಯಬೇಕಿತ್ತು. ತಜ್ಞರ ಸಮಿತಿ ಒಪ್ಪಲಿಲ್ಲ. ಅಳೆದವರು ಸುಳ್ಳು ಹೇಳಿರಲಿಲ್ಲ. ಆದರೆ ಆರು ಗಂಟೆಗೊಮ್ಮೆಯಂತೆ ದಿನಕ್ಕೆ ಹೆಚ್ಚೆಂದರೆ ನಾಲ್ಕು ಸಲ ಅಳೆಯಬೇಕಾದಲ್ಲಿ ಅವರು ಆರು ಸಲ ಅಳೆದಿದ್ದರು.

ಎರಡು ಸಲ ಹೆಚ್ಚು ಅಳೆದರೆ ಏನಾಯಿತು? ಡಬ್ಬಕ್ಕೆ ಸುರಿದ ಮಂಡಕ್ಕಿ ಹೊತ್ತು ಕಳೆದಂತೆ ಇಳಿಯುತ್ತದಲ್ಲ, ಹಿಮವೂ ಹಾಗೆ. ಬಿದ್ದ ಗಳಿಗೆಯಿಂದಲೇ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಪದೇ ಪದೇ ಅಳೆದು, ಹಿಮ ಬೀಳಲೆಂದು ಇಟ್ಟ ಹಲಗೆಯನ್ನು ಗುಡಿಸಿದರೆ ಕುಗ್ಗಲು ಬಿಡುವೇ ಸಿಗದೆ ಮೊತ್ತ ಉಬ್ಬುತ್ತದೆ. ಆ ನಿರಾಕರಣೆ ಕಠಿಣವಾಗಿ ಕಂಡರೂ ಸರಿಯಾದದ್ದೇ ಎಂದು ನನಗನ್ನಿಸುತ್ತದೆ. ಎಲ್ಲರೂ ಒಂದೇ ರೀತಿ ಅಳೆಯದಿದ್ದರೆ ಒಂದೂರಿನ ಅಂಕಿಯನ್ನು ಇನ್ನೊಂದೂರಿನ ಅಂಕಿಯ ಪಕ್ಕ ಇಡುವುದು ಹೇಗೆ? ಮಳೆ, ಹಿಮವನ್ನು ದೂರದಿಂದಲೇ ಅಂದಾಜಿಸುವ ರೇಡಾರಿನ ಅಂಕಿಯ ಪಕ್ಕ ಇಡುವುದಂತೂ ದೂರದ ಮಾತು.

ರೇಡಾರಿಗೆ ಹಿಮ ಮೊದಲು ಕಂಡದ್ದು ಉಪದ್ರವವಾಗಿ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹುಡುಕುತ್ತಿದ್ದವರ ಪರದೆಯನ್ನು ಮಳೆ, ಹಿಮದ ಪ್ರತಿಧ್ವನಿಗಳು ಮುಚ್ಚಿಬಿಡುತ್ತಿದ್ದವು. ಆ ಉಪದ್ರವವನ್ನೇ ಅಧ್ಯಯನ ಮಾಡಲು ಹೊರಟವರಲ್ಲಿ ಕೆನಡಾದ ಸ್ಟುವರ್ಟ್ ಮಾರ್ಷಲ್ ಮುಖ್ಯರು. ಯುದ್ಧದ ನಂತರ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಅವರು 1948ರಲ್ಲಿ ವಾಲ್ಟರ್ ಪಾಮರ್ ಜೊತೆ ಮಳೆಹನಿಗಳ ಗಾತ್ರದ ಸೂತ್ರ ಕೊಟ್ಟರು. 1958ರಲ್ಲಿ ಗನ್ ಎಂಬ ಸಂಶೋಧಕರ ಜೊತೆ ಹಿಮದಳಗಳದ್ದು.

ಸೂತ್ರ ಏಕೆ ಬೇಕು? ರೇಡಾರಿಗೆ ಇಂಚು ಗೊತ್ತಿಲ್ಲ. ಮರಳಿ ಬಂದ ತರಂಗದ ಬಲವಷ್ಟೇ ಅದಕ್ಕೆ ಗೊತ್ತು. ಹನಿಯ ಅಗಲ ಎರಡರಷ್ಟಾದರೆ ನೀರು 8 ಪಟ್ಟು ಹೆಚ್ಚುತ್ತದೆ, ಪ್ರತಿಧ್ವನಿ 64 ಪಟ್ಟು. ಹಿಮದ ವಿಷಯ ಇನ್ನೂ ಕಗ್ಗಂಟು. ಒಣ ಹಿಮದ ಪ್ರತಿಧ್ವನಿ ದುರ್ಬಲ; ಅದೇ ದಳ ಕರಗತೊಡಗಿ ಮೈ ಒದ್ದೆಯಾಯಿತೋ, ಪರದೆಯ ಮೇಲೆ ಝಗ್ಗನೆ ಬೆಳಗುತ್ತದೆ. ಸಾಲದ್ದಕ್ಕೆ ಭೂಮಿ ದುಂಡಗಿದೆ. ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ಕಿರಣ 100 ಕಿ.ಮೀ. ದೂರ ತಲುಪುವಷ್ಟರಲ್ಲಿ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಮೇಲಿರುತ್ತದೆ. ಅದರ ಕೆಳಗೆ ನಡೆಯುವುದು ಕಾಣುವುದಿಲ್ಲ.

ಮಾಂಟೇಗ್‌ನ ಹಿಮ ಬಿದ್ದ ವರ್ಷವೇ, ಜುಲೈ 28ರಂದು, ಕೊಲರಾಡೊದ ಫೋರ್ಟ್ ಕಾಲಿನ್ಸ್ ನಗರಕ್ಕೆ ದಿಢೀರ್ ಪ್ರವಾಹ ನುಗ್ಗಿ ಐವರು ಸತ್ತರು. ಊರಿನ ಪಶ್ಚಿಮ ಅಂಚಿನಲ್ಲಿ 14 ಇಂಚಿಗೂ ಹೆಚ್ಚು ಮಳೆ. ಪೂರ್ವದ ಕಡೆ 2 ಇಂಚೂ ಇಲ್ಲ. ರೇಡಾರಿನ ಮಾಮೂಲಿ ಸೂತ್ರ ಆ ಮಳೆಯನ್ನು ತೀರಾ ಕಡಿಮೆ ಅಂದಾಜಿಸಿತ್ತು. ಕೊಲರಾಡೊ ಹವಾಮಾನ ಕೇಂದ್ರದ ನೋಲನ್ ಡೋಸ್ಕನ್ ಮತ್ತು ಸಂಗಡಿಗರು ಜನರ ಮನೆಯಂಗಳದ ಲೆಕ್ಕಗಳನ್ನೆಲ್ಲ ಕಲೆಹಾಕಿದಾಗಲೇ ನಿಜವಾದ ಚಿತ್ರ ಮೂಡಿದ್ದು. ಮರುವರ್ಷ, 1998ರಲ್ಲಿ, ‘ಕೊಕೊರಾಸ್’ ಹುಟ್ಟಿತು. ಮಳೆ, ಆಲಿಕಲ್ಲು, ಹಿಮವನ್ನು ಜನರೇ ಅಳೆಯುವ ಜಾಲ ಅದು. ಇಂದು ಅಮೆರಿಕದ 50 ರಾಜ್ಯಗಳಲ್ಲೂ ಇದೆ, ಕೆನಡಾಕ್ಕೂ ಹಬ್ಬಿದೆ.

ಸಲಕರಣೆ ಸರಳ: ಬಿಳಿ ಬಣ್ಣ ಬಳಿದ ಪ್ಲೈವುಡ್ ಹಲಗೆ, ಇಂಚಿನ ಹತ್ತನೇ ಒಂದು ಭಾಗ ತೋರಿಸುವ ಅಳತೆಕೋಲು, 4 ಇಂಚು ಅಗಲದ ಮಳೆಮಾಪಕ. ಚಳಿಗಾಲದಲ್ಲಿ ಮಾಪಕದ ಆಲಿಕೆ, ಒಳಕೊಳವೆ ತೆಗೆದು ಹೊರಗಿನ ಪಾತ್ರೆಯನ್ನಷ್ಟೇ ಇಡುತ್ತಾರೆ. ಬೆಳಿಗ್ಗೆ ಅದನ್ನು ಒಳಗೆ ತಂದು, ಅಳೆದ ಬಿಸಿನೀರು ಹಾಕಿ ಹಿಮ ಕರಗಿಸಿ, ಹಾಕಿದ ನೀರನ್ನು ಕಳೆದರೆ ಬಿದ್ದ ಹಿಮದ ನೀರೆಷ್ಟೆಂದು ಸಿಗುತ್ತದೆ. ಗಾಳಿಯಿದ್ದರೆ ದಳಗಳು ಪಾತ್ರೆಯ ಬಾಯಿ ತಪ್ಪಿಸಿ ಹಾರಿಹೋಗುತ್ತವೆ. ಆಗ ಅಕ್ಕಿ ಮೂಟೆಗೆ ಕೊಳವೆ ಚುಚ್ಚಿ ಮಾದರಿ ತೆಗೆಯುವ ಹಾಗೆ, ಪಾತ್ರೆಯನ್ನು ಹಲಗೆಯ ಹಿಮದ ಮೇಲೆ ಬೋರಲು ಒತ್ತಿ ತೆಗೆದು ಕರಗಿಸುತ್ತಾರೆ. 10 ಇಂಚು ಹಿಮಕ್ಕೆ 1 ಇಂಚು ನೀರು ಎಂಬುದು ರೂಢಿಯ ಲೆಕ್ಕ. ಒಣ ಪುಡಿ ಹಿಮವಾದರೆ 20 ಇಂಚಿಗೂ ಅಷ್ಟೇ ನೀರು ಸಿಕ್ಕೀತು. ರೇಡಾರಿನ ಅಂದಾಜನ್ನು ಒರೆಗೆ ಹಚ್ಚಲು ಆಳಕ್ಕಿಂತ ಈ ನೀರಿನ ಅಂಕಿಯೇ ಹೆಚ್ಚು ಬೆಲೆಯದ್ದು.

ಈ ಜಾಲ ತನ್ನ ಜನರಿಗೆ ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಏನೂ ಬೀಳದ ದಿನ ಸೊನ್ನೆ ಬರೆಯಿರಿ. ಮೇಲೆ ಹಿಮ ಬೀಳುತ್ತಿದೆಯೆಂದು ರೇಡಾರ್ ತೋರಿಸುವಾಗಲೂ ಒಣಗಾಳಿ ಅದನ್ನು ನೆಲಕ್ಕೆ ಮುಟ್ಟುವ ಮೊದಲೇ ಹೀರಿಬಿಡಬಹುದು. ಅದನ್ನು ಹೇಳಬಲ್ಲದ್ದು ಅಂಗಳದ ಆ ಸೊನ್ನೆ ಮಾತ್ರ.

2022ರ ಜನವರಿಯಲ್ಲಿ ನಮ್ಮ ಲೇಹ್‌ನಲ್ಲೂ ಡಾಪ್ಲರ್ ರೇಡಾರ್ ಶುರುವಾಗಿದೆ. ಅದಕ್ಕೂ ನೆಲದ ಅಂಕಿ ಬೇಕು. ಮಳೆಯ ನಾಡಿನ ನಮಗೆ ಈ ಕೆಲಸ ಹೊಸದಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿ ಹಳೆಯದು. ನಿಮ್ಮ ಮನೆಯಲ್ಲಿ ಅಂಥ ಮಳೆ ಪುಸ್ತಕವಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಬರೆಯುವುದನ್ನು ನಿಲ್ಲಿಸಿದ್ದರೆ ನಾಳೆಯಿಂದ ಮತ್ತೆ ಬರೆಯಿರಿ, ಸೊನ್ನೆಯನ್ನೂ ಸೇರಿಸಿ.