ಬ್ಯಾಂಕಿಗೆ ನೀವು ಯಾರೆಂದು ಹೇಗೆ ಗೊತ್ತು?

ಹಿಂದೆ ಬ್ಯಾಂಕಿನಿಂದ ಹಣ ತೆಗೆಯಬೇಕಾದರೆ ಚೀಟಿ ತುಂಬಿ ಪಾಸ್‌ಬುಕ್ಕಿನೊಂದಿಗೆ ಕೌಂಟರಿನಲ್ಲಿ ಕೊಡಬೇಕಿತ್ತು. ಗುಮಾಸ್ತರು ನಿಮ್ಮ ಸಹಿಯನ್ನು ಮಾದರಿ ಸಹಿಯೊಂದಿಗೆ ಹೋಲಿಸುತ್ತಿದ್ದರು, ಕನ್ನಡಕದ ಮೇಲಿನಿಂದ ಒಮ್ಮೆ ಮುಖ ನೋಡುತ್ತಿದ್ದರು, "ಏನು ಮೇಷ್ಟ್ರೇ, ಮಗಳ ಮದುವೆ ಗೊತ್ತಾಯಿತಂತೆ?" ಎಂದು ವಿಚಾರಿಸಿ ಹಿತ್ತಾಳೆಯ ಟೋಕನ್ ಕೊಡುತ್ತಿದ್ದರು. ಸಣ್ಣ ಊರಿನ ಶಾಖೆಯಲ್ಲಿ ಆ ಕುಶಲಪ್ರಶ್ನೆಯೂ ಒಂದು ಭದ್ರತಾ ವ್ಯವಸ್ಥೆಯೇ ಆಗಿತ್ತು.

ಇಂದು ನಿಮ್ಮ ಖಾತೆಯನ್ನು ಕಾಯುತ್ತಿರುವುದು ಗಣಕ. ಅದಕ್ಕೆ ಮುಖಪರಿಚಯವಿಲ್ಲ, ಮಗಳ ಮದುವೆಯ ಸುದ್ದಿಯೂ ತಿಳಿಯದು. ಅದಕ್ಕೆ ಬೇಕಾದದ್ದು ಪುರಾವೆ ಮಾತ್ರ. ಸರಿಯಾದ ಪುರಾವೆಯನ್ನು ಯಾರು ಒದಗಿಸುತ್ತಾರೋ ಅವರೇ ಅದರ ಪಾಲಿಗೆ ನೀವು. ಆದ್ದರಿಂದ ಖಾತೆಯ ಹಣ ಕದಿಯುವವನು ತಿಜೋರಿ ಒಡೆಯುವ ಗೋಜಿಗೆ ಹೋಗುವುದಿಲ್ಲ. ನಿಮ್ಮ ಪುರಾವೆಗಳನ್ನು ಸಂಗ್ರಹಿಸಿ, ಕೆಲವು ನಿಮಿಷಗಳ ಮಟ್ಟಿಗೆ ನೀವೇ ಆಗುತ್ತಾನೆ.

ಮೂರು ಬಗೆಯ ಪುರಾವೆ

ಪುರಾವೆಗಳನ್ನು ಮೂರು ಬಗೆಯಾಗಿ ವಿಂಗಡಿಸುವುದು ವಾಡಿಕೆ. ನಿಮಗೆ ಮಾತ್ರ ತಿಳಿದಿರುವುದು, ಉದಾಹರಣೆಗೆ ಪಿನ್. ನಿಮ್ಮ ಬಳಿ ಮಾತ್ರ ಇರುವುದು, ಅಂದರೆ ಕಾರ್ಡ್ ಅಥವಾ ಸಿಮ್ ಇರುವ ಮೊಬೈಲ್. ಮೂರನೆಯದು ನಿಮ್ಮ ದೇಹದ ಲಕ್ಷಣ, ಅಂದರೆ ಬೆರಳಚ್ಚು ಅಥವಾ ಕಣ್ಣಿನ ಪಾಪೆ. ಎಟಿಎಂನಲ್ಲಿ ಮೊದಲ ಎರಡೂ ಬೇಕು. ಕಾರ್ಡ್ ಕದ್ದವನಿಗೆ ಪಿನ್ ಗೊತ್ತಿಲ್ಲ, ಪಿನ್ ಕದ್ದು ನೋಡಿದವನ ಬಳಿ ಕಾರ್ಡ್ ಇಲ್ಲ. ಅಂತರಜಾಲದಲ್ಲಿ ಕಾರ್ಡ್ ಬಳಸುವಾಗಲೂ ಇದೇ ತತ್ತ್ವ ಅನ್ವಯಿಸಲೆಂದು, ಕಾರ್ಡಿನ ಮೇಲೆ ಕಾಣದ ಇನ್ನೊಂದು ಪುರಾವೆಯನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಿಂದ ಕಡ್ಡಾಯ ಮಾಡಿತು. ಒಮ್ಮೆ ಮಾತ್ರ ಬಳಸುವ ಗುಪ್ತಸಂಖ್ಯೆ, ಅಂದರೆ ಒಟಿಪಿ, ಮನೆಮಾತಾದದ್ದು ಹೀಗೆ.

ಕಾರ್ಡೂ ಬದಲಾಯಿತು. ಹಳೆಯ ಕಾರ್ಡಿನ ಹಿಂಬದಿಯ ಕಪ್ಪು ಕಾಂತಪಟ್ಟಿಯಲ್ಲಿದ್ದ ಮಾಹಿತಿ ಎಂದೂ ಬದಲಾಗದು. ಒಮ್ಮೆ ನಕಲು ಮಾಡಿದರೆ ಸಾಕು, ಇನ್ನೊಂದು ಕಾರ್ಡ್ ಸಿದ್ಧ. ಇಂದಿನ ಕಾರ್ಡಿನಲ್ಲಿರುವ ಚಿನ್ನದ ಬಣ್ಣದ ಚಿಪ್ ಒಂದು ಪುಟ್ಟ ಗಣಕವೇ ಸರಿ. ಪ್ರತಿ ವ್ಯವಹಾರಕ್ಕೂ ತನ್ನೊಳಗಿನ ರಹಸ್ಯ ಕೀಲಿಯಿಂದ ಹೊಸದೊಂದು ಸಂಕೇತ ರಚಿಸುತ್ತದೆ, ಕೀಲಿಯನ್ನು ಮಾತ್ರ ಹೊರಬಿಡುವುದಿಲ್ಲ. ನಿನ್ನೆಯ ಸಂಕೇತ ಕದ್ದರೆ ಇಂದು ಪ್ರಯೋಜನವಿಲ್ಲ. 2018ರ ಡಿಸೆಂಬರ್ ಅಂತ್ಯದೊಳಗೆ ಎಲ್ಲ ಕಾರ್ಡುಗಳೂ ಚಿಪ್ ಹೊಂದಿರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು ಈ ಕಾರಣಕ್ಕೆ.

ಊಹಿಸುವುದಕ್ಕಿಂತ ಕೇಳುವುದು ಸುಲಭ

ನಾಲ್ಕಂಕಿಯ ಪಿನ್‌ಗೆ 0000ದಿಂದ 9999ರವರೆಗೆ 10,000 ಸಾಧ್ಯತೆಗಳಿವೆ. ಮೂರು ಬಾರಿ ತಪ್ಪಿದರೆ ಕಾರ್ಡ್ ತಡೆಹಿಡಿಯಲ್ಪಡುತ್ತದೆ ಎಂದಿಟ್ಟುಕೊಳ್ಳಿ. ಕುರುಡಾಗಿ ಊಹಿಸುವವನು ಗೆಲ್ಲುವ ಸಂಭವನೀಯತೆ 10,000ದಲ್ಲಿ 3. ಆದರೆ ನೀವು ಹುಟ್ಟಿದ ಇಸವಿಯನ್ನೇ ಪಿನ್ ಮಾಡಿಕೊಂಡಿದ್ದರೆ? ನಿಮ್ಮನ್ನು ನೋಡಿದವನು ವಯಸ್ಸನ್ನು ಹತ್ತು ವರ್ಷಗಳ ಅಂತರದೊಳಗೆ ಅಂದಾಜು ಮಾಡಬಲ್ಲ. ಆಗ ಸಂಭವನೀಯತೆ ಹತ್ತರಲ್ಲಿ ಮೂರು, ಅಂದರೆ ಸಾವಿರ ಪಟ್ಟು ಹೆಚ್ಚು. ಸಂಭವನೀಯತೆಯ ಪಾಠಕ್ಕೆ ನಾಣ್ಯ, ದಾಳಗಳಿಗಿಂತ ಇದು ಒಳ್ಳೆಯ ಉದಾಹರಣೆ ಎಂದು ನನ್ನ ಅನಿಸಿಕೆ.

ಆರಂಕಿಯ ಒಟಿಪಿಗೆ 10 ಲಕ್ಷ ಸಾಧ್ಯತೆಗಳು, ಆಯಸ್ಸು ಕೆಲವೇ ನಿಮಿಷ. ಇದನ್ನು ಊಹಿಸಲು ಯಾವ ಕಳ್ಳನೂ ಕುಳಿತುಕೊಳ್ಳುವುದಿಲ್ಲ. ಫೋನ್ ಮಾಡಿ ನಿಮ್ಮನ್ನೇ ಕೇಳುತ್ತಾನೆ. ಗಣಿತ ಎಷ್ಟೇ ಬಲವಾಗಿದ್ದರೂ ಈ ಬಾಗಿಲು ತೆರೆದೇ ಇರುತ್ತದೆ.

"ನಿಮ್ಮ ಕಾರ್ಡ್ ನಿಂತುಹೋಗಿದೆ. ಅದರ ಮೊದಲ ಆರು ಅಂಕಿಗಳು ಇವೇ ತಾನೇ?" ಎಂದು ಕರೆ ಮಾಡಿದವನು ಓದಿ ಹೇಳುತ್ತಾನೆ. ಸರಿಯಾಗಿದೆಯಲ್ಲ, ಬ್ಯಾಂಕಿನವರೇ ಇರಬೇಕು ಎಂದು ನೀವು ನಂಬುತ್ತೀರಿ. ಆ ಆರು ಅಂಕಿಗಳು ಕಾರ್ಡ್ ಕೊಟ್ಟ ಬ್ಯಾಂಕನ್ನೂ ಕಾರ್ಡಿನ ಬಗೆಯನ್ನೂ ಸೂಚಿಸುತ್ತವೆ. ಅದೇ ಬ್ಯಾಂಕಿನ ಅದೇ ಬಗೆಯ ಕಾರ್ಡುಗಳಿಗೆಲ್ಲ ಅವು ಸಮಾನ. "ನಿಮ್ಮ ಊರಿನ ಪಿನ್‌ಕೋಡ್ ಐದರಿಂದ ಆರಂಭವಾಗುತ್ತದೆ" ಎಂದು ಕರ್ನಾಟಕದವರಿಗೆ ಭವಿಷ್ಯ ಹೇಳಿದಂತೆ ಇದು.

ಕಾರ್ಡ್ ಸಂಖ್ಯೆಯ ಕೊನೆಯ ಅಂಕಿಯಲ್ಲೂ ಗುಟ್ಟಿಲ್ಲ. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ ಸೂತ್ರದಂತೆ ಅದನ್ನು ಉಳಿದ ಅಂಕಿಗಳಿಂದಲೇ ಲೆಕ್ಕ ಹಾಕುತ್ತಾರೆ. 1842 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಸಿ: 2 ಎಂಬುದು 4 ಆಯಿತು. ಮುಂದಿನ 4 ಹಾಗೆಯೇ ಇರಲಿ. 8 ಎಂಬುದು 16, ಅದರ ಅಂಕಿಗಳನ್ನು ಕೂಡಿದರೆ 7. ಕೊನೆಗೆ 1. ಒಟ್ಟು 4+4+7+1=16. ಇದನ್ನು ಮುಂದಿನ ಹತ್ತರ ಗುಣಕವಾದ 20ಕ್ಕೆ ಮುಟ್ಟಿಸಲು 4 ಬೇಕು. ಆದ್ದರಿಂದ ಪೂರ್ಣ ಸಂಖ್ಯೆ 18424. ಯಾವುದೇ ಒಂದು ಅಂಕಿ ತಪ್ಪಿದರೂ ಲೆಕ್ಕ ತಾಳೆಯಾಗದು. ಇದು ಕೈತಪ್ಪನ್ನು ಹಿಡಿಯುವ ಉಪಾಯವೇ ಹೊರತು ಕಳ್ಳನನ್ನು ಹಿಡಿಯುವುದಲ್ಲ. ಸರಿಹೊಂದುವ ಸಂಖ್ಯೆಯನ್ನು ಯಾರು ಬೇಕಾದರೂ ರಚಿಸಬಲ್ಲರು.

ಕೇಳುವ ವಿಧಾನಗಳು ಕಾಲಕಾಲಕ್ಕೆ ಬದಲಾಗುತ್ತವೆ. ಮದುವೆಯ ಕರೆಯೋಲೆ, ವಾಹನದ ದಂಡದ ಚೀಟಿ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಕಡತದ ಕೊನೆಯಲ್ಲಿ 'ಎಪಿಕೆ' ಎಂಬ ಮೂರಕ್ಷರವಿದ್ದರೆ ಅದು ಚಿತ್ರವಲ್ಲ, ತಂತ್ರಾಂಶ. ಸ್ಥಾಪಿಸಿಕೊಂಡು ಅನುಮತಿ ಕೊಟ್ಟರೆ ನಿಮ್ಮ ಕಿರುಸಂದೇಶಗಳನ್ನು ಓದಿ ಬೇರೆಡೆಗೆ ರವಾನಿಸುತ್ತದೆ. ಒಟಿಪಿಯನ್ನು ಆಗ ಕೇಳುವ ಅಗತ್ಯವೂ ಇಲ್ಲ. ಪರದೆಯನ್ನು ಹಂಚಿಕೊಳ್ಳುವ ತಂತ್ರಾಂಶವನ್ನು "ಸಹಾಯಕ್ಕಾಗಿ" ಹಾಕಿಕೊಳ್ಳಲು ಹೇಳುವುದೂ ಇದೇ ಜಾತಿಯದು. ವಿಡಿಯೊ ಕರೆಯಲ್ಲಿ ಪೊಲೀಸ್ ವೇಷ ತೊಟ್ಟು "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವವರಿದ್ದಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ.

ಯುಪಿಐ ವಿಷಯದಲ್ಲಿ ಒಂದೇ ನಿಯಮ ತಿಳಿದಿದ್ದರೆ ಬಹುಪಾಲು ಮೋಸಗಳು ಬಯಲಾಗುತ್ತವೆ. ಹಣ ಕೊಡಲು ಪಿನ್ ಬೇಕು, ಪಡೆಯಲು ಬೇಡ. ಹಳೆಯ ಮೇಜು ಮಾರಲು ಜಾಹೀರಾತು ಕೊಟ್ಟಿರುತ್ತೀರಿ. ಕೊಳ್ಳುವವನು "ಹಣ ಬರಲು ಈ ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುತ್ತಾನೆ. ಒತ್ತಿದಾಗ ಹೋಗುವುದು ನಿಮ್ಮ ಹಣ. ವ್ಯಕ್ತಿಯಿಂದ ವ್ಯಕ್ತಿಗೆ "ಹಣ ಕೊಡಿ" ಎಂಬ ಕೋರಿಕೆ ಕಳಿಸುವ ಸೌಲಭ್ಯ ಇಂಥ ಮೋಸಕ್ಕೆ ಬಹಳ ಬಳಕೆಯಾಯಿತೆಂದು 2025ರ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಕ್ಯೂಆರ್ ಮಾತ್ರ ಇದ್ದೇ ಇದೆ.

ಬದಲಾಯಿಸಲಾಗದ ಪಿನ್

ಮೂರನೆಯ ಬಗೆಯ ಪುರಾವೆ ಅತ್ಯಂತ ಭದ್ರ ಎಂಬ ಭಾವನೆ ನಮ್ಮಲ್ಲಿದೆ. ಬೆರಳಚ್ಚು ಮರೆತುಹೋಗುವುದಿಲ್ಲ, ಇನ್ನೊಬ್ಬರಿಗೆ ಹೋಲುವುದಿಲ್ಲ, ನಿಜ. ಆದರೆ ಅದು ರಹಸ್ಯವಲ್ಲ. ಮುಟ್ಟಿದಲ್ಲೆಲ್ಲ ಬಿಟ್ಟುಬರುತ್ತೇವೆ. ಪಿನ್ ಬಯಲಾದರೆ ಹೊಸ ಪಿನ್ ಮಾಡಿಕೊಳ್ಳಬಹುದು. ಹೆಬ್ಬೆಟ್ಟನ್ನು ಬದಲಾಯಿಸುವುದು ಹೇಗೆ?

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಹಳ್ಳಿಯ ಬ್ಯಾಂಕ್ ಮಿತ್ರರ ಬಳಿ ಹಣ ಪಡೆಯಬಹುದು. ಪಿನ್ ಬೇಡ, ಒಟಿಪಿ ಬೇಡ. ಓದು ಬಾರದ ಹಿರಿಯರಿಗೆ, ಪಿಂಚಣಿದಾರರಿಗೆ ಇದು ದೊಡ್ಡ ಉಪಕಾರ. ಅಷ್ಟೇ ದೊಡ್ಡ ರಂಧ್ರವೂ ಹೌದು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರು ತಮ್ಮ ಖಾತೆಯಿಂದ ಹೀಗೆ ಹಣ ಹೋಯಿತೆಂದು ದೂರು ಕೊಟ್ಟರು. ನೋಂದಣಿ ಪತ್ರದಲ್ಲಿ ಆಧಾರ್ ಸಂಖ್ಯೆ, ಹೆಬ್ಬೆಟ್ಟಿನ ಗುರುತು ಎರಡೂ ಒಂದೆಡೆ ಇರುತ್ತಿದ್ದವು. ಕಾಗದದ ಮೇಲಿನ ಗುರುತಿನಿಂದ ಸಿಲಿಕೋನ್‌ನಂಥ ವಸ್ತುವಿನಲ್ಲಿ ಅಚ್ಚು ತೆಗೆಯುವುದು ಕಷ್ಟವೇನಲ್ಲ. ಅನಂತರ ಅಂಥ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಚುವ ಕ್ರಮ ಕೈಗೊಳ್ಳಲಾಯಿತು.

ಬೆರಳಚ್ಚು ಓದುವ ಯಂತ್ರ ಸಾಮಾನ್ಯವಾಗಿ ಗೆರೆಗಳು ಕೊನೆಗೊಳ್ಳುವ ಮತ್ತು ಕವಲೊಡೆಯುವ ಬಿಂದುಗಳ ಸ್ಥಾನವನ್ನು ಹೋಲಿಸುತ್ತದೆ. ಅಚ್ಚಿನಲ್ಲೂ ಆ ಬಿಂದುಗಳು ಅಲ್ಲೇ ಇರುತ್ತವೆ. 2023ರ ಫೆಬ್ರುವರಿಯಲ್ಲಿ ಆಧಾರ್ ಪ್ರಾಧಿಕಾರ ಬಿಂದುಗಳ ಜೊತೆಗೆ ಬೆರಳಿನ ಪೂರ್ಣ ಚಿತ್ರವನ್ನೂ ಪರಿಶೀಲಿಸಿ, ಅದು ಜೀವಂತ ಬೆರಳೇ ಎಂದು ನಿರ್ಧರಿಸುವ ವಿಧಾನ ಜಾರಿಗೆ ತಂದಿತು. ನಿಮ್ಮ ಕೈಯಲ್ಲಿರುವ ಉಪಾಯ ಇನ್ನೂ ಸರಳ. ಆಧಾರ್ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ತಂತ್ರಾಂಶದಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಬೀಗವಿರುವಾಗ ನಿಮ್ಮ ನಿಜವಾದ ಬೆರಳೂ ಕೆಲಸ ಮಾಡದು. ನ್ಯಾಯಬೆಲೆ ಅಂಗಡಿಗೆ ಹೋಗುವ ಮುನ್ನ ತೆರೆದು, ಬಂದ ಮೇಲೆ ಹಾಕಿದರಾಯಿತು. ಸಾಲಿನಲ್ಲಿ ಒಂದು ಗಂಟೆ ನಿಂತ ಮೇಲೆ ಇದು ನೆನಪಾಗುವುದೂ ಉಂಟು!

ಎರಡು ಗಡಿಯಾರಗಳು

ಇಷ್ಟಾಗಿಯೂ ಹಣ ಹೋಯಿತೆನ್ನೋಣ. ಆ ಕ್ಷಣದಿಂದ ಎರಡು ಗಡಿಯಾರಗಳು ಓಡತೊಡಗುತ್ತವೆ.

ಮೊದಲನೆಯದು ಹಣದ ಗಡಿಯಾರ. ಕಳ್ಳ ನಿಮ್ಮ ಹಣವನ್ನು ಸ್ವಂತ ಖಾತೆಗೆ ಹಾಕಿಕೊಳ್ಳುವುದಿಲ್ಲ. ಬಾಡಿಗೆಗೆ ಪಡೆದ ಯಾರದೋ ಖಾತೆಗೆ, ಅಲ್ಲಿಂದ ಇನ್ನಷ್ಟು ಖಾತೆಗಳಿಗೆ ಹಂಚುತ್ತಾನೆ. ಪ್ರತಿ ಹಂತದಲ್ಲೂ ಮೂರು ಪಾಲಾದರೆ ನಾಲ್ಕು ಹಂತಗಳಲ್ಲಿ 3, 9, 27, 81 ಖಾತೆಗಳು. ಒಂದು ಹಂತಕ್ಕೆ ಕೆಲವು ನಿಮಿಷ ಸಾಕು. ಕೊನೆಗೆ ಎಟಿಎಂನಿಂದ ನೋಟುಗಳಾಗಿ ಹೊರಬಂದರೆ ಜಾಡು ಮುಗಿಯಿತು. 1930 ಎಂಬ ಸಹಾಯವಾಣಿ ಇರುವುದು ಈ ಓಟವನ್ನು ತಡೆಯಲು. 2021ರಲ್ಲಿ 155260 ಎಂಬ ಸಂಖ್ಯೆಯಲ್ಲಿ ಆರಂಭವಾದ ಇದು ಮುಂದೆ 1930 ಆಯಿತು. ನೀವು ಕರೆ ಮಾಡಿ ವ್ಯವಹಾರದ ವಿವರ ಕೊಟ್ಟರೆ, ಹಣ ತಲಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ, ಮುಂದೆ ಸಾಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ದಾಟುತ್ತದೆ. ಮೂರು ಖಾತೆಗಳಲ್ಲಿ ಹುಡುಕುವುದಕ್ಕೂ 81ರಲ್ಲಿ ಹುಡುಕುವುದಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಆ ಕೆಲವು ನಿಮಿಷಗಳ ಬೆಲೆ. ಕಿರುಸಂದೇಶದಲ್ಲಿರುವ ವ್ಯವಹಾರ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಆ ಸಂದೇಶವನ್ನು ಅಳಿಸಬೇಡಿ. ಜೊತೆಯಲ್ಲೇ ಬ್ಯಾಂಕಿಗೆ ತಿಳಿಸಿ ಖಾತೆಯನ್ನೂ ಕಾರ್ಡನ್ನೂ ಸ್ತಬ್ಧಗೊಳಿಸಿ. ಬ್ಯಾಂಕಿನ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ಸಹಾಯವಾಣಿಗಳು ಕಾದು ಕುಳಿತಿರುತ್ತವೆ. ಕಾರ್ಡಿನ ಹಿಂಬದಿಯಲ್ಲಿರುವುದೇ ಸರಿಯಾದ ಸಂಖ್ಯೆ.

ಎರಡನೆಯದು ಹೊಣೆಯ ಗಡಿಯಾರ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದಕ್ಕೆ ಬುನಾದಿ ಹಾಕಿತು. ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕರ ಹೊಣೆ ಶೂನ್ಯ. ತಪ್ಪು ಬ್ಯಾಂಕಿನದೂ ಅಲ್ಲ ನಿಮ್ಮದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದೆ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆಯೂ ಶೂನ್ಯ. ನಾಲ್ಕರಿಂದ ಏಳು ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ. ಅದಕ್ಕೂ ಮೀರಿದರೆ ಬ್ಯಾಂಕಿನ ನೀತಿಯಂತೆ. ಎಣಿಕೆಯಲ್ಲಿ ಸಂದೇಶ ಬಂದ ದಿನ ಸೇರದು. ಎರಡನೇ ಶನಿವಾರದ ಹಿಂದಿನ ಶುಕ್ರವಾರ ಸಂದೇಶ ಬಂದರೆ ಸೋಮವಾರ ಮೊದಲ ದಿನ, ಬುಧವಾರ ಮೂರನೆಯದು. ಗ್ರಾಹಕರ ತಪ್ಪನ್ನು ಸಾಬೀತುಪಡಿಸುವ ಹೊಣೆಯೂ ಬ್ಯಾಂಕಿನದೇ ಎಂದು ಆ ಸುತ್ತೋಲೆ ಹೇಳಿತು. ಇಂಥ ನಿಯಮಗಳು ಪರಿಷ್ಕರಣೆಗೆ ಒಳಗಾಗುತ್ತಿರುತ್ತವೆ. ನಿಮ್ಮ ಬ್ಯಾಂಕಿನಲ್ಲಿ ಈಗ ಜಾರಿಯಲ್ಲಿರುವುದನ್ನು ಒಮ್ಮೆ ಕೇಳಿ ತಿಳಿದುಕೊಳ್ಳಿ. ದೂರು ಲಿಖಿತವಾಗಿರಲಿ, ಅದರ ಸಂಖ್ಯೆ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಒಟಿಪಿಯನ್ನು ನೀವೇ ಹೇಳಿಬಿಟ್ಟಿದ್ದರೆ? ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು ಎಂದಿತ್ತು ಆ ಸುತ್ತೋಲೆ. ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಓದಿದವರು, ಅದರಲ್ಲೂ ನಾಲ್ಕು ಜನರಿಗೆ ಬುದ್ಧಿ ಹೇಳುವ ವೃತ್ತಿಯಲ್ಲಿರುವವರು, ಮೋಸಹೋದಾಗ ಹೇಳಿಕೊಳ್ಳಲು ನಾಚುತ್ತಾರೆ. ಮನೆಯವರಿಗೂ ತಿಳಿಸದೆ ರಾತ್ರಿಯಿಡೀ ಹೊರಳಾಡಿ ಬೆಳಿಗ್ಗೆ ಬ್ಯಾಂಕಿಗೆ ಹೋಗುತ್ತಾರೆ. ಅಷ್ಟರಲ್ಲಿ ಮೊದಲ ಗಡಿಯಾರ ನಿಂತುಹೋಗಿರುತ್ತದೆ. ಕಳ್ಳ ಹೆಚ್ಚು ನೆಚ್ಚಿಕೊಂಡಿರುವುದು ಈ ಸಂಕೋಚವನ್ನೇ.

ಬಾಡಿಗೆ ಖಾತೆಗಳ ಬಗ್ಗೆ ವಿದ್ಯಾರ್ಥಿಗಳಿಗೊಂದು ಮಾತು. "ನಿನ್ನ ಖಾತೆಗೆ ಹಣ ಬರುತ್ತದೆ, ತೆಗೆದುಕೊಡು, ನಿನಗಿಷ್ಟು" ಎನ್ನುವವರು ಹುಡುಕುವುದು ಹೊಸದಾಗಿ ಖಾತೆ ತೆರೆದ ಕಾಲೇಜು ಹುಡುಗರನ್ನೇ. ಪೊಲೀಸರು ಜಾಡು ಹಿಡಿದು ಬಂದಾಗ ಮೊದಲು ಸಿಗುವ ಹೆಸರು ಖಾತೆದಾರನದು. ಎಟಿಎಂ ಕಾರ್ಡನ್ನು ಗೆಳೆಯನಿಗೆ "ಎರಡು ದಿನದ ಮಟ್ಟಿಗೆ" ಕೊಟ್ಟೆ ಎಂಬ ಉತ್ತರ ಅಲ್ಲಿ ಉಪಯೋಗಕ್ಕೆ ಬಾರದು.

ಇನ್ನು ಮನೆಯಲ್ಲಿ ಇಂದೇ ಮಾಡಬಹುದಾದದ್ದು. ಯುಪಿಐಗೆ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿನಷ್ಟು ಹಣವಿರಲಿ, ಉಳಿದದ್ದು ಬೇರೆ ಖಾತೆಯಲ್ಲಿರಲಿ. ಕಾರ್ಡಿನ ವಿದೇಶೀ ಬಳಕೆಯನ್ನು ಬ್ಯಾಂಕಿನ ತಂತ್ರಾಂಶದಲ್ಲಿ ನಿಲ್ಲಿಸಿ. ಹೊರದೇಶದ ಅನೇಕ ಜಾಲತಾಣಗಳಲ್ಲಿ ಒಟಿಪಿ ಇಲ್ಲದೆಯೇ ಹಣ ಹೋಗಬಲ್ಲದು. ಮೊಬೈಲಿನಲ್ಲಿ ಕಾರಣವಿಲ್ಲದೆ ಗಂಟೆಗಟ್ಟಲೆ ಸಂಕೇತ ಸಿಗದಿದ್ದರೆ ಅದು ಗೋಪುರದ ದೋಷವೆಂದು ಸುಮ್ಮನಿರಬೇಡಿ. ನಿಮ್ಮ ಸಂಖ್ಯೆಗೆ ಬೇರೆಯವರು ಸಿಮ್ ಪಡೆದಿರಬಹುದು. 1930 ಮತ್ತು ಬ್ಯಾಂಕಿನ ಸಹಾಯವಾಣಿಯನ್ನು ಪಾಸ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದೊಡ್ಡದಾಗಿ ಬರೆದಿಡಿ. ಬೇಕಾದ ಹೊತ್ತಿಗೆ ನಿಮ್ಮ ಮೊಬೈಲ್ ಕಳ್ಳನ ಹಿಡಿತದಲ್ಲಿರುವ ಸಾಧ್ಯತೆ ಇದೆ. ಆಗ ಪಕ್ಕದ ಮನೆಯವರ ಫೋನಿನಿಂದ ಕರೆ ಮಾಡಬೇಕಾಗುತ್ತದೆ.